ಸಾಲದ ಅರ್ಜಿಯಲ್ಲಿ ಒಂದು ಸುಳ್ಳು, ಅದರ ಮೇಲೆ ಎದ್ದ ಗೂಢಚಾರಿಕೆಯ ಕಥೆ

ಮನೆಯ ಮೇಲೆ ಸಾಲ ತೆಗೆದವರಿಗೆಲ್ಲ ಈ ಪ್ರಶ್ನೆ ಗೊತ್ತಿರುತ್ತದೆ: ಅಡಮಾನ ಇಡುವ ಮನೆಯಲ್ಲಿ ನೀವೇ ವಾಸವಿದ್ದೀರಾ, ಇಲ್ಲ ಬಾಡಿಗೆಗೆ ಕೊಟ್ಟಿದ್ದೀರಾ? ಅಮೆರಿಕದಲ್ಲಿ ಮನೆ ಮಾಡಿಕೊಂಡಿರುವ ನಮ್ಮವರನ್ನು ಕೇಳಿದರೆ ಈ ಪ್ರಶ್ನೆಗೆ ಅಲ್ಲಿ ಎಷ್ಟು ತೂಕವಿದೆ ಎಂದು ಹೇಳುತ್ತಾರೆ. ತಾನು ವಾಸವಿರುವ ಮನೆಯನ್ನು ಯಾರೂ ಸುಲಭಕ್ಕೆ ಕೈಬಿಡುವುದಿಲ್ಲ ಎಂಬ ನಂಬಿಕೆಯ ಮೇಲೆ ಬಡ್ಡಿ, ಷರತ್ತು ಎಲ್ಲ ನಿಂತಿರುತ್ತವೆ. ಕೆಲವು ಸಂಸ್ಥೆಗಳು ಬಾಡಿಗೆ ಮನೆಯ ಮೇಲೆ ಹೋಮ್ ಇಕ್ವಿಟಿ ಸಾಲ, ಅಂದರೆ ಮನೆಯಲ್ಲಿ ಮಾಲೀಕನಿಗಿರುವ ಪಾಲಿನ ಬೆಲೆಯ ಆಧಾರದ ಸಾಲ, ಕೊಡುವುದೇ ಇಲ್ಲ. ಅರ್ಜಿಯಲ್ಲಿ ಸುಳ್ಳು ಬರೆದರೆ ಅದು ಫೆಡರಲ್ ಕಾನೂನಿನಡಿ ಅಪರಾಧ.

2016ರ ಡಿಸೆಂಬರ್‌ನಲ್ಲಿ ಇಮ್ರಾನ್ ಅವಾನ್ ಎಂಬ ಅಮೆರಿಕ ಸಂಸತ್ತಿನ ಕಂಪ್ಯೂಟರ್ ನೌಕರ ತನ್ನ ಪತ್ನಿಯ ಹೆಸರಿನಲ್ಲಿ ಹಾಕಿದ ಅರ್ಜಿಯಲ್ಲಿ ಈ ಸುಳ್ಳು ಬರೆದ. ಬಾಡಿಗೆಗೆ ಕೊಟ್ಟಿದ್ದ ಮನೆಯನ್ನು ವಾಸದ ಮನೆ ಎಂದು ತೋರಿಸಿ 1,65,000 ಡಾಲರ್ ಸಾಲ ಕೇಳಿದ. ಸಾಲ ಕೊಟ್ಟದ್ದು ಅಮೆರಿಕದ ಸಂಸತ್ ನೌಕರರ ಪತ್ತಿನ ಸಹಕಾರ ಸಂಘ, ಕಾಂಗ್ರೆಷನಲ್ ಫೆಡರಲ್ ಕ್ರೆಡಿಟ್ ಯೂನಿಯನ್. ಇದಾದ ಹತ್ತೊಂಬತ್ತು ತಿಂಗಳಿಗೆ, 2018ರ ಜುಲೈ 16ರಂದು, ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ರಷ್ಯಾ ಅಧ್ಯಕ್ಷ ಪುಟಿನ್ ಪಕ್ಕದಲ್ಲಿ ನಿಂತು ಅಮೆರಿಕದ ಅಧ್ಯಕ್ಷ ಟ್ರಂಪ್ ಜಗತ್ತಿನ ಮಾಧ್ಯಮದ ಎದುರು ಕೇಳಿದರು: ಆ ಪಾಕಿಸ್ತಾನಿ ಮನುಷ್ಯನ ಸರ್ವರ್‌ಗಳು ಏನಾದವು, ಎಲ್ಲಿವೆ? ಆ ಮನುಷ್ಯ ಎಂದರೆ ಇದೇ ಅವಾನ್.

ಆ ಅರ್ಜಿ ಈ ಪ್ರಶ್ನೆಯವರೆಗೆ ಹೇಗೆ ಬೆಳೆಯಿತು ಎನ್ನುವುದೇ ಈ ಪ್ರಕರಣದ ತಿರುಳು. ಅವಾನ್ ನಿರಪರಾಧಿ ಎಂದು ನಾನು ವಾದಿಸುತ್ತಿಲ್ಲ. ಆತ ತಪ್ಪು ಮಾಡಿದ, ನ್ಯಾಯಾಲಯದಲ್ಲಿ ಒಪ್ಪಿಕೊಂಡ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಒಂದು ನಿಜವಾದ ಸಣ್ಣ ಅಪರಾಧ ಸಿಕ್ಕಾಗ, ಅದನ್ನು ಗೂಟ ಮಾಡಿಕೊಂಡು ಎಷ್ಟು ದೊಡ್ಡ ಸುಳ್ಳನ್ನಾದರೂ ಕಟ್ಟಿ ನಿಲ್ಲಿಸಬಹುದು. ಪೂರಾ ಸುಳ್ಳಾದ ಕಥೆಯನ್ನು ಬಯಲು ಮಾಡುವುದಕ್ಕಿಂತ ಇಂಥದ್ದನ್ನು ಬಯಲು ಮಾಡುವುದು ಕಷ್ಟ.

ಆತನ ಕೆಲಸ ಏನಾಗಿತ್ತು

ಅವಾನ್ ಹುಟ್ಟಿದ್ದು ಪಾಕಿಸ್ತಾನದಲ್ಲಿ. ಹದಿಹರೆಯದಲ್ಲೇ ಅಮೆರಿಕಕ್ಕೆ ಬಂದು ಅಲ್ಲಿನ ಪೌರನಾದ. 2004ರಿಂದ ಸಂಸತ್ತಿನ ಕೆಳಮನೆಯಲ್ಲಿ, ಅಂದರೆ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ನಲ್ಲಿ, ಕಂಪ್ಯೂಟರ್ ಕೆಲಸಕ್ಕೆ ಸೇರಿದ. ಅಲ್ಲಿನ ವ್ಯವಸ್ಥೆ ನಮ್ಮ ಸಚಿವಾಲಯದ ಹಾಗಲ್ಲ. ಪ್ರತಿ ಸದಸ್ಯನಿಗೂ ಇಷ್ಟು ಎಂದು ಹಣ ನಿಗದಿಯಾಗಿರುತ್ತದೆ, ಅದರಲ್ಲಿ ಸಿಬ್ಬಂದಿಯನ್ನು ಸದಸ್ಯನೇ ನೇಮಿಸಿಕೊಳ್ಳಬೇಕು. ಒಂದು ಕಚೇರಿಯಲ್ಲಿ ಪೂರ್ಣಾವಧಿ ಕಂಪ್ಯೂಟರ್ ತಂತ್ರಜ್ಞನಿಗೆ ಆಗುವಷ್ಟು ಕೆಲಸ ಇರುವುದಿಲ್ಲ. ಹಾಗಾಗಿ ಹಲವು ಸದಸ್ಯರು ಸೇರಿ ಒಬ್ಬನನ್ನೇ ಇಟ್ಟುಕೊಂಡು, ಆತನ ಸಂಬಳವನ್ನು ತುಂಡುತುಂಡಾಗಿ ತಮ್ಮ ತಮ್ಮ ಲೆಕ್ಕದಿಂದ ಕೊಡುತ್ತಾರೆ. ಇವರಿಗೆ ಹಂಚಿಕೆಯ ನೌಕರರು ಎಂದು ಹೆಸರು. ಅವಾನ್‌ನ ತುಂಡುಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 1,60,000 ಡಾಲರ್ ಆಗುತ್ತಿತ್ತು. ಕಾಲಕ್ರಮದಲ್ಲಿ ಆತನ ಪತ್ನಿ, ಸಹೋದರರು, ಒಬ್ಬ ಗೆಳೆಯ ಕೂಡ ಇದೇ ಕೆಲಸಕ್ಕೆ ಬಂದರು. ಅವರನ್ನು ಇಟ್ಟುಕೊಂಡಿದ್ದವರೆಲ್ಲ ಡೆಮಾಕ್ರಟಿಕ್ ಪಕ್ಷದ ಸದಸ್ಯರು. ಹಲವು ಕಚೇರಿಗಳು ಹಿನ್ನೆಲೆ ಪರಿಶೀಲನೆಯ ಗೋಜಿಗೇ ಹೋಗಿರಲಿಲ್ಲ.

ಮಾಡುತ್ತಿದ್ದದ್ದು ಇಷ್ಟೇ: ಹೊಸ ಫೋನಿಗೆ ಇಮೇಲ್ ಹಾಕಿಕೊಡುವುದು, ಪ್ರಿಂಟರ್ ಸರಿಮಾಡುವುದು, ಐಪ್ಯಾಡ್ ತರಿಸುವುದು, ಮರೆತ ಪಾಸ್‌ವರ್ಡ್ ಬದಲಿಸುವುದು. ಬೆಂಗಳೂರಿನ ಯಾವುದೇ ಕಂಪನಿಯಲ್ಲಿ ಸಿಸ್ಟಂ ಅಡ್ಮಿನ್ ಆಗಿ ದುಡಿದವರಿಗೆ ಈ ಕೆಲಸದ ಎರಡು ಮುಖ ಗೊತ್ತು. ಹೆಸರಿಲ್ಲದ ಕೆಲಸ, ಆದರೆ ಎಲ್ಲರ ಬೀಗದ ಕೈ ಇವರ ಕೈಯಲ್ಲೇ ಇರುತ್ತದೆ.

ಆ ಸದಸ್ಯರಲ್ಲಿ ಒಬ್ಬರು ಫ್ಲಾರಿಡಾದ ಡೆಬಿ ವಾಸರ್‌ಮನ್ ಶುಲ್ಟ್ಸ್. ಅವರು 2011ರಿಂದ 2016ರವರೆಗೆ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷೆಯೂ ಆಗಿದ್ದರು. ಆ ಸಮಿತಿಯ ಇಮೇಲ್‌ಗಳನ್ನು ಕದ್ದು ವಿಕಿಲೀಕ್ಸ್‌ನಲ್ಲಿ ಹರಿಯಬಿಟ್ಟಾಗ, 2016ರ ಜುಲೈ 24ರಂದು ಅವರು ರಾಜೀನಾಮೆ ಘೋಷಿಸಿದರು. ಪಕ್ಷದ ಸಮಿತಿ ಬೇರೆ, ಸಂಸತ್ತು ಬೇರೆ. ಎರಡರ ಕಂಪ್ಯೂಟರ್ ಜಾಲವೂ ಬೇರೆ ಬೇರೆ. ಅವಾನ್ ಕೆಲಸ ಮಾಡುತ್ತಿದ್ದದ್ದು ಸಂಸತ್ತಿನಲ್ಲಿ. ಓದುಗರು ಈ ಒಂದು ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಗೊಂದಲದಲ್ಲಿ ಅರ್ಧ ಬಿಡಿಸಿಕೊಳ್ಳುತ್ತದೆ.

ಬಿಲ್ಲುಗಳಿಂದ ಶುರುವಾದ ಅನುಮಾನ

2016ರಲ್ಲಿ ಸಂಸತ್ತಿನ ಲೆಕ್ಕಪತ್ರ ನೋಡುವವರ ಕಣ್ಣಿಗೆ ಒಂದು ವಿಚಿತ್ರ ಬಿತ್ತು. 500 ಡಾಲರ್‌ಗಿಂತ ಹೆಚ್ಚು ಬೆಲೆಯ ಸಾಮಾನು ಕೊಂಡರೆ ಅದು ಆಸ್ತಿ ಪಟ್ಟಿಗೆ ಏರಬೇಕು, ಆಮೇಲೆ ಎಲ್ಲಿದೆ ಎಂದು ಲೆಕ್ಕ ಕೊಡಬೇಕು. ಆದರೆ ಅದಕ್ಕಿಂತ ಹೆಚ್ಚು ಬೆಲೆಯ ಸಾಧನಗಳ ಬಿಲ್ಲು ಮತ್ತೆ ಮತ್ತೆ 500ಕ್ಕಿಂತ ಚೂರು ಕೆಳಗೇ ನಿಲ್ಲುತ್ತಿತ್ತು, ಮಿಕ್ಕ ಹಣ ಬೇರೆ ಬಾಬಿನಲ್ಲಿ ಹೋಗುತ್ತಿತ್ತು. ಜೊತೆಗೆ, ಸದನದ ಡೆಮಾಕ್ರಟಿಕ್ ಶಾಸಕಾಂಗ ಪಕ್ಷದ ಒಂದು ಸರ್ವರ್‌ಗೆ ಈ ಬಳಗದವರು ಅಸಹಜವಾಗಿ ಹೆಚ್ಚು ಬಾರಿ ಲಾಗಿನ್ ಆಗಿದ್ದರು. ಪಕ್ಷದ ಸಮಿತಿಯ ಇಮೇಲ್ ಕದ್ದದ್ದು ರಷ್ಯಾ ಎಂಬ ಸುದ್ದಿ ಚುನಾವಣೆಯ ಹೊತ್ತಿನಲ್ಲಿ ಊರೆಲ್ಲ ಹರಡಿದ್ದ ಕಾಲ ಅದು. ತನಿಖೆ ಮಾಡದೇ ಬಿಟ್ಟಿದ್ದರೆ ಅದೇ ತಪ್ಪಾಗುತ್ತಿತ್ತು. ಸಂಸತ್ತಿನ ಪೊಲೀಸರು ಕೈಹಾಕಿದರು, ಎಫ್‌ಬಿಐ ಬಂತು. 2017ರ ಫೆಬ್ರವರಿ 2ರಂದು ಈ ಬಳಗದವರನ್ನೆಲ್ಲ ಸಂಸತ್ತಿನ ಜಾಲದಿಂದ ಹೊರಗಿಟ್ಟರು. ಒಬ್ಬೊಬ್ಬರಾಗಿ ಸದಸ್ಯರು ಅವರನ್ನು ಕೆಲಸದಿಂದ ತೆಗೆದರು.

ವಾಸರ್‌ಮನ್ ಶುಲ್ಟ್ಸ್ ಅವಾನ್‌ನನ್ನು ತೆಗೆಯಲಿಲ್ಲ. ಜಾಲ ಮುಟ್ಟುವಂತಿಲ್ಲದ ಮನುಷ್ಯನನ್ನು ಸಲಹೆಗಾರ ಎಂದು ಸಂಬಳ ಕೊಟ್ಟು ಇಟ್ಟುಕೊಂಡರು. ಅಪರಾಧ ಸಾಬೀತಾಗಿಲ್ಲ, ಧರ್ಮ ಮತ್ತು ಮೂಲದ ಕಾರಣಕ್ಕೆ ಗುರಿಯಾಗಿದ್ದಾನೆಂಬ ಆತಂಕ ನನಗಿದೆ ಎಂಬುದು ಅವರು ಆಮೇಲೆ ಕೊಟ್ಟ ಕಾರಣ. ಆ ಆತಂಕಕ್ಕೆ ಆಧಾರವಿತ್ತು ಎಂದೇ ನಾನೂ ನಂಬುತ್ತೇನೆ. ಆದರೆ ಅದಕ್ಕೆ ಅವರು ಹಿಡಿದ ದಾರಿ ಆತನಿಗೂ ಕೇಡು ತಂದಿತು, ಅವರಿಗೂ ತಂದಿತು. 2017ರ ಮೇ ತಿಂಗಳ ಒಂದು ಬಜೆಟ್ ಸಭೆಯಲ್ಲಿ, ತನಿಖೆಗೆಂದು ಇಟ್ಟುಕೊಂಡಿದ್ದ ಒಂದು ಲ್ಯಾಪ್‌ಟಾಪನ್ನು ವಾಪಸು ಕೊಡದಿದ್ದರೆ ಪರಿಣಾಮ ಎದುರಿಸಬೇಕಾಗುತ್ತದೆ ಎಂದು ಸಂಸತ್ತಿನ ಪೊಲೀಸ್ ಮುಖ್ಯಸ್ಥರಿಗೆ ಕ್ಯಾಮೆರಾ ಎದುರೇ ಹೇಳಿದರು. ಅದು ತಮ್ಮ ಸ್ವಂತದ್ದಲ್ಲ, ಕಚೇರಿಯ ಹಣದಲ್ಲಿ ಅವಾನ್‌ಗೆ ಕೊಡಿಸಿದ್ದು ಎಂದು ವಿವರಿಸಿದ್ದು ತಿಂಗಳುಗಳ ನಂತರ. ಅಷ್ಟರಲ್ಲಿ ಆ ವಿಡಿಯೊ ಸಾವಿರಾರು ಜನರ ಕೈಯಲ್ಲಿತ್ತು.

ವಿಮಾನ ನಿಲ್ದಾಣ

ಅಪರಾಧದ ಭಾಗಕ್ಕೆ ಬರೋಣ. 2017ರ ಜನವರಿಯಲ್ಲಿ, ಸಾಲದ ಹಣ ಕೈಗೆ ಬಂದ ಕೂಡಲೇ, ಅದೂ ಸೇರಿದಂತೆ ಒಟ್ಟು 2,83,000 ಡಾಲರ್‌ಗಳನ್ನು ಪಾಕಿಸ್ತಾನದ ಫೈಸಲಾಬಾದ್‌ಗೆ ರವಾನಿಸಲು ಸಹಕಾರ ಸಂಘಕ್ಕೆ ಕೋರಿಕೆ ಹೋಯಿತು. ಆಗಿನ ದರದಲ್ಲಿ ಹೆಚ್ಚುಕಡಿಮೆ 1.9 ಕೋಟಿ ರೂಪಾಯಿ. ತನಿಖಾಧಿಕಾರಿಯ ಪ್ರಮಾಣಪತ್ರದ ಪ್ರಕಾರ, ಸಂಘದವರೊಂದಿಗೆ ಪತ್ನಿಯ ಹೆಸರಿನಲ್ಲಿ ಫೋನಿನಲ್ಲಿ ಮಾತಾಡಿದ್ದು ಒಬ್ಬ ಗಂಡಸು. ಯಾವ ಉದ್ದೇಶಕ್ಕೆ ಹಣ ಎಂದು ಕೇಳಿದಾಗ ಅಂತ್ಯಕ್ರಿಯೆಗೆ ಎಂದ. ಆ ಕಾರಣ ನಡೆಯಲಿಕ್ಕಿಲ್ಲ ಎಂದಾಗ ಒಂದಷ್ಟು ಹೊತ್ತು ಸುಮ್ಮನಿದ್ದು, ಆಸ್ತಿ ಕೊಳ್ಳಲು ಎಂದ. ಈ ಭಾಗ ಓದುವಾಗ ಯಾರಿಗಾದರೂ ಸಂಶಯ ಬರುತ್ತದೆ, ಬರಬೇಕು ಕೂಡ. ಮಾರ್ಚ್‌ನಲ್ಲಿ ಪತ್ನಿ ಮಕ್ಕಳನ್ನು ಕರೆದುಕೊಂಡು ಪಾಕಿಸ್ತಾನಕ್ಕೆ ಹೊರಟರು. ಸಾಮಾನಿನಲ್ಲಿ 12,000 ಡಾಲರ್‌ಗೂ ಹೆಚ್ಚು ನಗದು ಇತ್ತು. ಅಧಿಕಾರಿಗಳು ತಪಾಸಣೆ ಮಾಡಿ ಹೋಗಲು ಬಿಟ್ಟರು.

2017ರ ಜುಲೈ 24ರಂದು ವರ್ಜೀನಿಯಾದ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ದೋಹಾ ಮಾರ್ಗವಾಗಿ ಲಾಹೋರ್‌ಗೆ ಹೊರಟಿದ್ದ ಅವಾನ್‌ನನ್ನು ಬಂಧಿಸಿದರು. ಆರೋಪ ಬ್ಯಾಂಕ್ ವಂಚನೆ. ಮರುದಿನ ವಾಸರ್‌ಮನ್ ಶುಲ್ಟ್ಸ್ ಆತನನ್ನು ಕೆಲಸದಿಂದ ತೆಗೆದರು. ಆಗಸ್ಟ್‌ನಲ್ಲಿ ಗ್ರ್ಯಾಂಡ್ ಜ್ಯೂರಿ, ಅಂದರೆ ಮೊಕದ್ದಮೆಗೆ ಆಧಾರವಿದೆಯೇ ಎಂದು ನೋಡುವ ನಾಗರಿಕರ ಮಂಡಳಿ, ಗಂಡ ಹೆಂಡತಿ ಇಬ್ಬರ ಮೇಲೂ ನಾಲ್ಕು ಆರೋಪ ಹೊರಿಸಿತು. ನಾಲ್ಕೂ ಸಾಲ ಮತ್ತು ಹಣ ರವಾನೆಗೆ ಸಂಬಂಧಿಸಿದ್ದು. ಸಂಸತ್ತಿನ ಕಂಪ್ಯೂಟರ್, ಸರ್ವರ್, ರಹಸ್ಯ ಕಡತ, ಗೂಢಚಾರಿಕೆ ಇವುಗಳ ಕುರಿತು ಒಂದು ಆರೋಪವೂ ಇರಲಿಲ್ಲ.

ಕಥೆ ಹೇಗೆ ಹೆಣೆದುಕೊಂಡಿತು

ಈಗ ಹೊರಗೆ ಕೂತು ಸುದ್ದಿ ಓದುವ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ಒಬ್ಬ ಬೆಂಬಲಿಗನ ಜಾಗದಲ್ಲಿ ನಿಂತು ನೋಡಬೇಕು. ಅವನ ಮುಂದೆ ಬಿದ್ದಿರುವ ಸಂಗತಿಗಳು: ಪಾಕಿಸ್ತಾನದಲ್ಲಿ ಹುಟ್ಟಿದ ಕಂಪ್ಯೂಟರ್ ತಂತ್ರಜ್ಞ, ಡೆಮಾಕ್ರಟಿಕ್ ಸಂಸದರ ಇಮೇಲ್‌ಗಳಿಗೆ ಕೈಯಿಟ್ಟಿದ್ದವನು, ಸರ್ವರ್‌ಗೆ ಲೆಕ್ಕವಿಲ್ಲದಷ್ಟು ಲಾಗಿನ್, ಸುಳ್ಳು ಹೇಳಿ ಪಡೆದ ಹಣ ಪಾಕಿಸ್ತಾನಕ್ಕೆ, ವಿಮಾನ ಹತ್ತುವಾಗ ಬಂಧನ, ಪೊಲೀಸರನ್ನು ಗದರಿಸಿದ ಸಂಸದೆ, ಆಕೆಯೇ ಇಮೇಲ್ ಸೋರಿದ ಪಕ್ಷದ ಅಧ್ಯಕ್ಷೆ, ಆಕೆ ರಾಜೀನಾಮೆ ಘೋಷಿಸಿ ಸರಿಯಾಗಿ ಒಂದು ವರ್ಷಕ್ಕೆ, ಅದೇ ಜುಲೈ 24ಕ್ಕೆ, ಬಂಧನ, ಆರೋಪಿಯ ವಕೀಲರು ಹಿಂದೆ ಕ್ಲಿಂಟನ್ ಬಳಗದ ಜೊತೆ ಕೆಲಸ ಮಾಡಿದ್ದವರು. ಇದರಲ್ಲಿ ಒಂದೂ ಸುಳ್ಳಲ್ಲ. ಒಂದರ ಪಕ್ಕ ಒಂದನ್ನು ಇಟ್ಟರೆ ಸಾಕು, ನಡುವಿನ ದಾರವನ್ನು ಓದುಗನ ಮನಸ್ಸೇ ಪೋಣಿಸಿಕೊಳ್ಳುತ್ತದೆ. ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂಬ ಗಾದೆ ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಇಲ್ಲಿ ಬೆಂಕಿ ನಿಜವಾಗಿಯೂ ಇತ್ತು. ಹೊಗೆ ಮಾತ್ರ ಆ ಬೆಂಕಿಯದ್ದಾಗಿರಲಿಲ್ಲ.

ಇದೇ ಸಂಗತಿಗಳ ಇನ್ನೊಂದು ಅರ್ಧವನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಿದ್ದರು. ಅವಾನ್‌ಗೆ ವಾಪಸು ಬರುವ ಟಿಕೆಟ್ ಕೂಡ ಇತ್ತು, 2018ರ ಜನವರಿಯದ್ದು. ಓಡಿಹೋದಳು ಎಂದು ಅವರು ಸಾರಿದ್ದ ಪತ್ನಿ ತಾನಾಗಿ ಮರಳಿ ಬಂದು ಅಕ್ಟೋಬರ್‌ನಲ್ಲಿ ನ್ಯಾಯಾಲಯಕ್ಕೆ ಹಾಜರಾದರು. ಸರ್ವರ್‌ನೊಳಗೆ ಏನು ಸಿಕ್ಕಿತು ಎಂಬುದನ್ನು ಸಂಸತ್ತಿನ ಹಿರಿಯ ಅಧಿಕಾರಿಯೊಬ್ಬರ ಮಾತಿನ ಆಧಾರದಲ್ಲಿ ವಾಷಿಂಗ್ಟನ್ ಪೋಸ್ಟ್ 2017ರ ಸೆಪ್ಟೆಂಬರ್‌ನಲ್ಲೇ ಬರೆಯಿತು: ಗೂಢಚಾರಿಕೆಯ ಸುಳಿವು ಹುಡುಕಿ ಹೊರಟವರಿಗೆ ಸಿಕ್ಕಿದ್ದು ಮಕ್ಕಳ ಹೋಂವರ್ಕ್, ಕುಟುಂಬದ ಫೋಟೋಗಳು. ಸಂಸತ್ತಿನ ಸರ್ವರನ್ನು ಮನೆಯ ಕಂಪ್ಯೂಟರಿನಂತೆ ಬಳಸಿಕೊಂಡಿದ್ದರು. ಅದು ಶಿಸ್ತುಕ್ರಮಕ್ಕೆ ತಕ್ಕ ತಪ್ಪೇ. ಪರದೇಶಕ್ಕೆ ಮಾಹಿತಿ ಮಾರುವುದಕ್ಕೂ ಇದಕ್ಕೂ ಎಷ್ಟು ದೂರ!

ಆದರೂ ಕಥೆ ನಿಲ್ಲಲಿಲ್ಲ. ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನ ಲೂಯಿ ಗೋಮರ್ಟ್ ಮತ್ತಿತರ ರಿಪಬ್ಲಿಕನ್ ಸದಸ್ಯರು ಅನೌಪಚಾರಿಕ ವಿಚಾರಣೆಯೊಂದನ್ನು ನಡೆಸಿದರು. ಯಾವ ಸಮಿತಿಯ ಅಧಿಕಾರವೂ ಅದಕ್ಕಿರಲಿಲ್ಲ. ವಿಚಾರಣೆಯ ಕುರ್ಚಿ ಮೇಜು ಹಾಕಿ ಕೂತರೆ ನೋಡುವವರಿಗೆ ಸಮಿತಿಯಂತೆಯೇ ಕಾಣುತ್ತದೆ. ಸರ್ವರೇ ಮಾಯವಾಗಿದೆ, ಅದರ ಜಾಗದಲ್ಲಿ ಬೇರೆ ಇಟ್ಟಿದ್ದಾರೆ ಎಂಬ ಮಾತು ಹಬ್ಬಿತು. ಅಲ್ಲಿಂದ ಮುಂದೆ ಅಂತೆಕಂತೆಗಳು ಸಂಸತ್ತಿನ ಗೋಡೆ ದಾಟಿ ಪಕ್ಷದ ಸಮಿತಿಗೆ ಹಾರಿದವು. ಪಕ್ಷದ ಇಮೇಲ್ ಕದ್ದದ್ದು ರಷ್ಯಾ ಅಲ್ಲ, ಈತನೇ ಸೋರಿಸಿದ್ದು ಎಂಬ ವಾದ ಶುರುವಾಯಿತು. ಸೋರಿದ ಇಮೇಲ್‌ಗಳಲ್ಲಿ ಒಂದು ಕಡೆ ವಾಸರ್‌ಮನ್ ಶುಲ್ಟ್ಸ್ ಅವರ ಐಪ್ಯಾಡ್ ಪಾಸ್‌ವರ್ಡ್‌ಗಾಗಿ ಇಮ್ರಾನ್ ಹೆಸರು ಬರುತ್ತದೆ ಎನ್ನುವುದೇ ಅದಕ್ಕೆ ಆಧಾರ. ಕಂಪ್ಯೂಟರ್ ಹುಡುಗನಿಗೆ ಪಾಸ್‌ವರ್ಡ್ ಗೊತ್ತಿರುವುದು ಪಿತೂರಿ ಎಂದಾದರೆ, ನಮ್ಮ ಎಲ್ಲ ಕಚೇರಿಗಳೂ ಪಿತೂರಿಯ ತಾಣಗಳೇ ಆದಾವು.

ಈ ವಾದಕ್ಕೆ ಒಂದು ರಾಜಕೀಯ ಉಪಯೋಗವಿತ್ತು, ಅದನ್ನು ಮರೆತರೆ ಪ್ರಕರಣ ಅರ್ಥವಾಗದು. 2017 ಮತ್ತು 2018ರಲ್ಲಿ, 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಷ್ಯಾದ ಹಸ್ತಕ್ಷೇಪದ ಕುರಿತು ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ಅವರ ತನಿಖೆ ನಡೆಯುತ್ತಿತ್ತು. ಕಳ್ಳ ಮನೆಯೊಳಗೇ ಇದ್ದ ಎಂದು ತೋರಿಸಿದರೆ ಹೊರಗಿನ ಕಳ್ಳನ ಮಾತೇ ಬಿದ್ದುಹೋಗುತ್ತದೆ. 2018ರ ಏಪ್ರಿಲ್‌ನಲ್ಲಿ ಟ್ರಂಪ್ ಟ್ವಿಟರ್‌ನಲ್ಲಿ ಅವಾನ್‌ನನ್ನು ಪಾಕಿಸ್ತಾನದ ನಿಗೂಢ ಮನುಷ್ಯ ಎಂದು ಕರೆದರು. ಜೂನ್‌ನಲ್ಲಿ, ಅವಾನ್ ಮತ್ತು ವಾಸರ್‌ಮನ್ ಶುಲ್ಟ್ಸ್ ಅವರನ್ನು ನಮ್ಮ ನ್ಯಾಯ ಇಲಾಖೆ ಬಿಟ್ಟುಬಿಡಬಾರದು ಎಂದು ಬರೆದರು. ನ್ಯಾಯಾಲಯದಲ್ಲಿರುವ ಒಬ್ಬ ಆರೋಪಿಯ ಬಗ್ಗೆ ದೇಶದ ಅಧ್ಯಕ್ಷ ತನ್ನದೇ ಇಲಾಖೆಗೆ ಬಹಿರಂಗವಾಗಿ ಹೀಗೆ ಹೇಳುವುದನ್ನು ನಾನು ಸಣ್ಣ ಸಂಗತಿ ಎಂದು ಎಣಿಸಲಾರೆ.

ಜುಲೈ 3ರ ದಾಖಲೆ

2018ರ ಜುಲೈ 3ರಂದು ಅವಾನ್ ಸಾಲದ ಅರ್ಜಿಯಲ್ಲಿ ಸುಳ್ಳು ಹೇಳಿದ ಒಂದು ಆರೋಪವನ್ನು ಒಪ್ಪಿಕೊಂಡ. ಉಳಿದವು ಬಿದ್ದುಹೋದವು, ಪತ್ನಿಯ ಮೇಲಿನ ಆರೋಪಗಳನ್ನೂ ಕೈಬಿಡಲಾಯಿತು. ತಪ್ಪೊಪ್ಪಿಗೆ ಒಪ್ಪಂದ ಎಂದರೆ ಸಾಮಾನ್ಯವಾಗಿ ಒಣ ಕಾಗದ. ಯಾವ ಕಲಮು, ಎಷ್ಟು ಶಿಕ್ಷೆ, ಅಷ್ಟೇ. ಈ ಒಪ್ಪಂದದಲ್ಲಿ ಮಾತ್ರ ಸರ್ಕಾರಿ ವಕೀಲರು ಅಸಾಮಾನ್ಯವಾದ ಒಂದು ಕೆಲಸ ಮಾಡಿದರು. ಹೊರಗೆ ಹಬ್ಬಿದ್ದ ಗಾಳಿಮಾತುಗಳಿಗೆ ಅದರಲ್ಲೇ ಉತ್ತರ ಬರೆದರು. ಸಂಸತ್ತಿನ ಕಂಪ್ಯೂಟರ್ ವ್ಯವಸ್ಥೆಗೆ ಸಂಬಂಧಿಸಿ ಈತ ಫೆಡರಲ್ ಕಾನೂನು ಮುರಿದದ್ದಕ್ಕೆ ಯಾವ ಸಾಕ್ಷ್ಯವೂ ಸಿಕ್ಕಿಲ್ಲ ಎಂದರು. ಸುಮಾರು 40 ಸಾಕ್ಷಿಗಳನ್ನು ಮಾತಾಡಿಸಿದ್ದೇವೆ. ಮಾಯವಾಗಿದೆ ಎನ್ನುತ್ತಿದ್ದ ಆ ಸರ್ವರನ್ನು ವಶಕ್ಕೆ ಪಡೆದಿದ್ದೇವೆ. ಇತರ ಕಂಪ್ಯೂಟರ್, ಹಾರ್ಡ್ ಡ್ರೈವ್‌ಗಳನ್ನೂ ಪಡೆದಿದ್ದೇವೆ. ಅವಾನ್‌ನನ್ನೇ ಹಲವು ಬಾರಿ ಪ್ರಶ್ನಿಸಿದ್ದೇವೆ ಎಂದು ತಾವು ಮಾಡಿದ ಕೆಲಸದ ವಿವರವನ್ನೂ ಕೊಟ್ಟರು.

ಇದನ್ನು ಬರೆದವರು ಡೆಮಾಕ್ರಟರಲ್ಲ. ಆಗ ಟ್ರಂಪ್ ಅಧ್ಯಕ್ಷರು, ಅವರೇ ನೇಮಿಸಿದ ಜೆಫ್ ಸೆಷನ್ಸ್ ನ್ಯಾಯ ಇಲಾಖೆಯ ಮುಖ್ಯಸ್ಥರು, ಸದನದಲ್ಲಿ ಬಹುಮತ ರಿಪಬ್ಲಿಕನ್ನರದ್ದು. ಮುಚ್ಚಿಹಾಕಿದರು ಎನ್ನುವುದಾದರೆ ಮುಚ್ಚಿಹಾಕಿದವರು ಯಾರು, ಯಾರ ಪರವಾಗಿ? ಈ ಪ್ರಶ್ನೆಗೆ ಆ ಕಥೆ ನಂಬಿದವರಿಂದ ಸರಿಯಾದ ಉತ್ತರವನ್ನು ನಾನು ಎಲ್ಲೂ ಕಂಡಿಲ್ಲ.

ಹತ್ತು ದಿನಗಳ ನಂತರ, ಜುಲೈ 13ರಂದು, ಪಕ್ಷದ ಇಮೇಲ್ ಕಳವಿಗಾಗಿ ರಷ್ಯಾದ ಸೇನಾ ಗುಪ್ತಚರ ಸಂಸ್ಥೆಯ 12 ಅಧಿಕಾರಿಗಳ ಮೇಲೆ ದೋಷಾರೋಪ ಸಲ್ಲಿಕೆಯಾಯಿತು. ಅದಾದ ಮೂರು ದಿನಕ್ಕೆ ಹೆಲ್ಸಿಂಕಿ. ಸರ್ವರ್ ಎಲ್ಲಿದೆ ಎಂದು ಅಧ್ಯಕ್ಷರು ಕೇಳಿದಾಗ ಅದಕ್ಕೆ ಅವರ ಇಲಾಖೆಯೇ ಲಿಖಿತ ಉತ್ತರ ಕೊಟ್ಟು ಹದಿಮೂರು ದಿನ ಕಳೆದಿತ್ತು. ಆ ಮನುಷ್ಯ ಪಕ್ಷದ ಸಮಿತಿಯಲ್ಲಿ ಕೆಲಸ ಮಾಡಿದವನು ಎಂದೂ ಅವರು ಆ ವೇದಿಕೆಯಲ್ಲಿ ಹೇಳಿದರು.

2018ರ ಆಗಸ್ಟ್ 21ರಂದು ನ್ಯಾಯಾಧೀಶೆ ತಾನ್ಯಾ ಚುಟ್ಕನ್ ಶಿಕ್ಷೆ ವಿಧಿಸಿದರು: ಈಗಾಗಲೇ ಕಳೆದ ಬಂಧನವೇ ಸಾಕು, ಮೂರು ತಿಂಗಳು ಮೇಲ್ವಿಚಾರಣೆಯಲ್ಲಿರಬೇಕು. ಸರ್ಕಾರದ ಅತ್ಯುನ್ನತ ಸ್ಥಾನಗಳಿಂದ ಈತನ ಮೇಲೆ ಬಂದ ಆರೋಪಗಳಿಗೆ ಆಧಾರವಿಲ್ಲ ಎಂದು ತನಿಖೆಯೇ ತೋರಿಸಿದೆ ಎನ್ನುವುದನ್ನು ಅವರು ಶಿಕ್ಷೆಯ ಹೊತ್ತಿನಲ್ಲಿ ಸ್ಪಷ್ಟವಾಗಿ ಹೇಳಿದರು, ಕುಟುಂಬ ಪಟ್ಟ ಪಾಡನ್ನೂ ಪರಿಗಣಿಸಿದರು.

ಇನ್ನೊಂದು ಪಾಳಯ

ರಿಪಬ್ಲಿಕನ್ನರನ್ನಷ್ಟೇ ದೂರಿ ಮುಗಿಸಿದರೆ ಅಧ್ಯಯನ ಅರ್ಧವಾಗುತ್ತದೆ. ಬಂಧನವಾದ ದಿನದಿಂದ ಡೆಮಾಕ್ರಟಿಕ್ ಪಾಳಯದಲ್ಲಿ ಕೇಳಿಬಂದ ಮಾತು, ಇದೆಲ್ಲ ಮುಸ್ಲಿಂ ದ್ವೇಷ, ಒಳಗೆ ಏನೂ ಇಲ್ಲ ಎಂಬುದು. ದ್ವೇಷ ಇತ್ತು, ನಿಜ. ಅವಾನ್ ಎಂಬ ಹೆಸರಿನ ಜಾಗದಲ್ಲಿ ಜಾನ್ಸನ್ ಎಂದಿದ್ದು, ಹಣ ಡಬ್ಲಿನ್‌ಗೆ ಹೋಗಿದ್ದರೆ ಗೂಢಚಾರನ ಕಥೆ ಹುಟ್ಟುತ್ತಲೇ ಇರಲಿಲ್ಲ ಎಂದು ನನಗೆ ಖಾತರಿಯಿದೆ. ಆದರೆ ಒಳಗೆ ಏನೂ ಇಲ್ಲ ಎನ್ನುವುದು ಸುಳ್ಳಾಗಿತ್ತು. ಸಾಲದ ಅರ್ಜಿ ಸುಳ್ಳಾಗಿತ್ತು. ಬಿಲ್ಲುಗಳ ವಿಷಯದಲ್ಲಿ ಕಾನೂನು ಮುರಿದ ಸಾಕ್ಷ್ಯ ಸಿಗದಿದ್ದರೂ, ಅವುಗಳನ್ನು ನೋಡಿದ ಯಾವ ಲೆಕ್ಕಿಗನೂ ಸುಮ್ಮನಿರುತ್ತಿರಲಿಲ್ಲ. ಸಾರ್ವಜನಿಕ ಹಣದಲ್ಲಿ ಇಟ್ಟುಕೊಂಡ ನೌಕರರ ಹಿನ್ನೆಲೆ ನೋಡದೆ, ಯಾರು ಎಷ್ಟು ಹೊತ್ತು ಎಲ್ಲಿ ದುಡಿಯುತ್ತಾರೆ ಎಂದು ಲೆಕ್ಕ ಇಡದೆ, ತಮ್ಮ ಇಮೇಲಿನ ಕೀಲಿಕೈ ಕೊಟ್ಟು ನೆಮ್ಮದಿಯಾಗಿದ್ದ ಸದಸ್ಯರ ಮೇಲೂ ಹೊಣೆ ಇತ್ತು. ಕೇಳಬೇಕಾಗಿದ್ದ ಈ ಪ್ರಶ್ನೆಗಳೇ ಗೂಢಚಾರಿಕೆಯ ಗದ್ದಲದಲ್ಲಿ ಮುಳುಗಿಹೋದವು. ಹಂಚಿಕೆಯ ನೌಕರರ ಮೇಲ್ವಿಚಾರಣೆಯ ಬಗ್ಗೆ ಸದನದ ಆಡಳಿತ ಸಮಿತಿ 2018ರ ಏಪ್ರಿಲ್‌ನಲ್ಲಿ ವಿಚಾರಣೆ ನಡೆಸಿತು. ಅದನ್ನು ಎಷ್ಟು ಜನ ನೋಡಿದರು? ನಿಗೂಢ ಮನುಷ್ಯನ ಟ್ವೀಟು ಬಂದದ್ದು ಅದೇ ತಿಂಗಳು.

ಬೇಸರದ ವಿಷಯವೆಂದರೆ ಎರಡೂ ಪಾಳಯಗಳು ಬಂಧನದ ಸುದ್ದಿ ಬಂದ ಗಂಟೆಗಳಲ್ಲೇ ತೀರ್ಪು ಬರೆದುಕೊಂಡವು, ದೋಷಾರೋಪ ಪಟ್ಟಿಯನ್ನು ಬಿಡಿಸಿ ಓದಿದವರು ಬೆರಳೆಣಿಕೆ. ನಾಲ್ಕು ಆರೋಪಗಳ ಆ ಕಾಗದ ಸಾರ್ವಜನಿಕವಾಗಿತ್ತು. ಏನು ಆರೋಪಿಸಿದ್ದಾರೆ, ಯಾವುದರ ತನಿಖೆ ಇನ್ನೂ ನಡೆಯುತ್ತಿದೆ, ಯಾವುದು ಜನರ ಊಹೆ ಎಂದು ಬೇರೆ ಬೇರೆ ಮಾಡಿಕೊಳ್ಳಲು ಆಗಲೇ ಅವಕಾಶವಿತ್ತು.

2020ರ ನವೆಂಬರ್‌ನಲ್ಲಿ ಸುದ್ದಿಯೊಂದು ಬಂತು. ತಮ್ಮನ್ನು ಅನ್ಯಾಯವಾಗಿ ಕೆಲಸದಿಂದ ತೆಗೆದರು ಎಂಬ ಅವಾನ್ ಬಳಗದ ನೌಕರರ ದೂರನ್ನು ರಾಜಿಯಲ್ಲಿ ಮುಗಿಸಲು ಸದನ 8,50,000 ಡಾಲರ್ ಕೊಡಲು ಒಪ್ಪಿತ್ತು. ಸದನ ಇಂಥ ದೂರಿಗೆ ಕೊಟ್ಟ ಅತಿ ದೊಡ್ಡ ಮೊತ್ತಗಳಲ್ಲಿ ಅದೂ ಒಂದು. ಹಣ ತೆರಿಗೆದಾರರದ್ದು. ಅವಾನ್‌ನ ಸಹೋದರರ ಮೇಲೆ ಯಾವ ಮೊಕದ್ದಮೆಯೂ ದಾಖಲಾಗಿರಲಿಲ್ಲ. ಅವರು ಕೆಲಸ ಕಳೆದುಕೊಂಡು ಅಷ್ಟರಲ್ಲಿ ಮೂರೂವರೆ ವರ್ಷ ದಾಟಿತ್ತು.